ಊರು ತಿಳಿಯದ ಬಿಲ್ಲೆ

ನಿವೃತ್ತ ಎಂಜಿನಿಯರ್ ಗುರುಸಿದ್ದಪ್ಪ ತಾರ್ನಾಕ ಬಡಾವಣೆಯಲ್ಲಿ ಒಬ್ಬರೇ ಇದ್ದರು. ಪ್ರಾಚೀನ ಕ್ರೈಸ್ತ ಯಾತ್ರಿಕರು ಸಂತರ ಸನ್ನಿಧಿಯಿಂದ ಒಯ್ಯುತ್ತಿದ್ದ ಮಣ್ಣಿನ ಬಿಲ್ಲೆಗಳನ್ನು ಅವರು ಕೂಡಿಡುತ್ತಿದ್ದರು. ಹೊಸದಾಗಿ ಕೊಂಡದ್ದು ಸಿರಿಯಾದ್ದೇ ಎಂದು ನಂಬಿ, ಪಕ್ಕದ ಬೀದಿಯ ಇತಿಹಾಸ ಪ್ರಾಧ್ಯಾಪಕಿ ಮಂದಾಕಿನಿಯವರಿಗೆ ತೋರಿಸಿದರು.

“ಭಾಳ ಹಳೇದೈತ್ರಿ. ಆದ್ರ ಎಲ್ಲಿ ಅಗದು ತಗದಾರಂತ ಗೊತ್ತಾಗದ ಇದರ ಊರು ಹೇಳಾಕ ಆಗೂದಿಲ್ಲ. ಮಾರಿದವರನ್ನ ಕೇಳಿದ್ರೇನು?” ಎಂದರು ಮಂದಾಕಿನಿ.

“ಕೇಳಿದೆ. ಫೋನ್ ಇಟ್ಟುಬಿಟ್ರು.”

ಕದ್ದು ಅಗೆದದ್ದಿರಬಹುದೆಂದು ಇಬ್ಬರಿಗೂ ಹೊಳೆಯಿತು. ಹಿಂತಿರುಗಿಸೋಣವೆಂದರೆ ಯಾವ ಊರಿಗೆ? ಗುರುಸಿದ್ದಪ್ಪ ಆಮೇಲೆ ಬಿಲ್ಲೆ ಕೊಳ್ಳಲಿಲ್ಲ. ಸಂಜೆಗಳು ಖಾಲಿಯಾದವು, ಯಾರನ್ನಾದರೂ ಮಾತಾಡಿಸಲು ನೆಪವೂ ಉಳಿಯಲಿಲ್ಲ.

ಒಂದು ಭಾನುವಾರ ಮತ್ತೆ ಮಂದಾಕಿನಿಯವರ ಮನೆಗೆ ಹೋದರು.

“ಈ ಸಲ ಏನ್ ತಂದೀರಿ?”

“ಏನೂ ಇಲ್ರಿ. ಮನ್ಯಾಗ ಒಬ್ಬನ ಕುಂದ್ರಾಕ ಆಗಲಿಲ್ಲ.”

“ಒಳಗ ಬರ್ರಿ,” ಎಂದು ಅವರು ಚಹಾಕ್ಕೆ ನೀರಿಟ್ಟರು.