ಎಡಗಡೆಯ ಕಿಟಕಿ

ನಮ್ಮವರು ತೀರಿಕೊಂಡು ನನ್ನ ಕಣ್ಣೀರು ಇನ್ನೂ ಆರಿರಲಿಲ್ಲ, ಆಗಲೇ ಚರ್ಚಿನವರು ಅವರ ಕೊನೆಯ ಚಿತ್ರವನ್ನು ತಿದ್ದಲು ಹೊರಟರು. ಶಿಲುಬೆಯಿಂದ ಇಳಿಸಿದ ಯೇಸುವನ್ನು ಮಡಿಲಲ್ಲಿಟ್ಟುಕೊಂಡ ಮಾತೆಯ ಚಿತ್ರ ಅದು. ಚರ್ಚಿನ ಆ ಮೂಲೆಗೆ ಎಡಗಡೆ ಒಂದೇ ಕಿಟಕಿ. ಅದರ ಬೆಳಕನ್ನು ನಂಬಿಕೊಂಡೇ, ಆ ಗೋಡೆಯ ಮುಂದೆಯೇ ಕೂತು ಬರೆದದ್ದು. ಮಗನ ಮೈಯೆಲ್ಲ ಬೆಳಕು. ತಾಯಿಯ ಮುಖ ಮುಸುಕಿನೊಳಗೆ, ಬರೀ ಕಪ್ಪು.

ಹೊಸ ಫಾದರ್ ಬಂದವರೇ ಎದುರಿಗೆ ದೊಡ್ಡ ದೀಪ ಹಾಕಿಸಿದರು. ನೆಟ್ಟಗೆ ಬಡಿದ ಬೆಳಕಿಗೆ ಆ ಕಪ್ಪು ಕಾವಲಿಯ ತಳದಂತೆ ಕಂಡಿತು. "ಪಾಪ, ಮುದುಕರಿಗೆ ಮುಗಿಸೋಕಾಗ್ಲಿಲ್ಲ" ಎಂದು ಎಲ್ಲರೂ ಮರುಗಿದರು. ಮುಗಿಸಲು ಅಂಗಡಿ ಬೋರ್ಡು ಬರೆಯುವವನನ್ನು ಕರೆಸಿದರು!

ಬೆಳಿಗ್ಗೆ ನಾನು ಹೋದಾಗ ಅವನು ಸ್ಟೂಲಿನ ಮೇಲೆ ನಿಂತು ಗುಲಾಬಿ ಬಣ್ಣ ಕಲಸುತ್ತಿದ್ದ.

"ಇಳಿಯಪ್ಪಾ ಕೆಳಗೆ."

"ಚೆನ್ನಾಗಿ ಬರೀತೀನಮ್ಮಾ. ಕಣ್ಣು ದೊಡ್ಡದಾಗಿರ್ಲಾ?"

"ನಿನ್ನ ಕಣ್ಣು ಮೊದ್ಲು ತೊಳ್ಕೊಂಡು ಬಾ. ಅಲ್ಲಿ ಮುಖ ಇದೆ."

"ಅಮ್ಮಾ, ನಿಮ್ಮ ದುಃಖ ನನಗೆ ಅರ್ಥವಾಗುತ್ತೆ" ಎಂದರು ಫಾದರ್. ನನಗೆ ಮೈಯೆಲ್ಲ ಉರಿದುಹೋಯಿತು.

"ದುಃಖ ಹಾಗಿರ್ಲಿ ಫಾದರ್. ಆ ದೀಪ ಆರಿಸಿ, ಕಿಟಕಿ ಬೆಳಕಲ್ಲಿ ನೋಡಿ."

ಆರಿಸಿದರು. ಅವತ್ತೇ ಮೋಡ ಕವಿಯಬೇಕೇ! ಏನೂ ಕಾಣಲಿಲ್ಲ. ಬೋರ್ಡಿನವನು ಕೆಮ್ಮಿದ. "ದೇವರೇ, ನೀನೂ ಇವರ ಕಡೆಯೇ?" ಎಂದು ಗೊಣಗುತ್ತ, ಉರಿಯುತ್ತಿದ್ದ ಮೇಣದ ಬತ್ತಿಯೊಂದನ್ನು ಕಿತ್ತು, ಚಿತ್ರದ ಎಡ ಅಂಚಿಗೆ ಎತ್ತಿ ಹಿಡಿದೆ.

"ಅಯ್ಯೋ, ಸುಟ್ಟುಹೋಗುತ್ತೆ!" ಎಂದರು ಫಾದರ್.

"ಗುಲಾಬಿ ಬಳಿಯೋದಕ್ಕಿಂತ ವಾಸಿ."

ನಮ್ಮವರು ಆ ಕಪ್ಪನ್ನು ಬಳಿದಿರಲಿಲ್ಲ, ಮೆತ್ತಿದ್ದರು. ಓರೆಯಾಗಿ ಬಿದ್ದ ಬೆಳಕಿಗೆ ಉಬ್ಬು ಮಿನುಗಿ, ತಗ್ಗು ನೆರಳಾಗಿ, ಮೊದಲು ಮೂಗು ಬಂತು. ಆಮೇಲೆ ಮುಚ್ಚಿದ ರೆಪ್ಪೆ, ಕಚ್ಚಿ ಹಿಡಿದ ತುಟಿ. "ಹೆತ್ತವಳ ಸಂಕಟ ಎಲ್ಲರೆದುರು ಹರಡೋದಲ್ಲ ಕಣೇ. ಬೆಳಿಗ್ಗೆ ಒಂದು ಗಳಿಗೆ ಕಂಡರೆ ಸಾಕು" ಎನ್ನುತ್ತಿದ್ದರು. ಬೆಳಗಿನ ಜಪಕ್ಕೆ ಬರುತ್ತಿದ್ದುದು ನಾವಿಬ್ಬರೇ. ಉಳಿದವರಿಗೆಲ್ಲ ಸಂಜೆಯೇ ಅನುಕೂಲ.

ಬೋರ್ಡಿನವನು ಕುಂಚ ಕೆಳಗಿಟ್ಟ. ಫಾದರ್ ಶಿಲುಬೆಯ ಗುರುತು ಹಾಕಿಕೊಂಡರು. ಅಷ್ಟಕ್ಕೇ ಸುಮ್ಮನಿರಬಾರದೇ?

"ಸರಿ, ಬಣ್ಣ ಬೇಡ, ದೀಪಾನೂ ತೆಗೆಸ್ತೀನಿ. ಆದ್ರೆ ಸಂಜೆ ಬರೋರಿಗೆ ಕಾಣಲ್ವಲ್ಲಮ್ಮಾ?"

"ಬೆಳಿಗ್ಗೆ ಬೇಗ ಏಳೋಕೆ ಹೇಳಿ."

ಮೇಣ ಬೆರಳ ಮೇಲೆ ಇಳಿಯುತ್ತಿತ್ತು. ಆಗ ಕಂಡಿತು: ತಾಯಿಯ ಕೆನ್ನೆಯಲ್ಲಿ, ಬಣ್ಣ ಒತ್ತಿದ ನಮ್ಮವರ ಹೆಬ್ಬೆರಳಿನ ಗುರುತು. ಕಿಟಕಿಯ ಬೆಳಕು ನನಗೆ ಅದನ್ನು ಒಂದು ದಿನವೂ ತೋರಿಸಿರಲಿಲ್ಲ.

"ಬತ್ತಿ ಆರಿಸ್ಲಾ ಅಮ್ಮಾ? ಕೈ ಸುಡ್ತಿದೆ" ಎಂದ ಬೋರ್ಡಿನವನು.

"ತಾಳಪ್ಪಾ ಸ್ವಲ್ಪ," ಎಂದೆ.