ಆಚೆ ದಂಡೆಯ ಕಾಯಿದೆ

೧

ಎಲ್ಲಿಂದ ಶುರು ಮಾಡಲಿ? ಸಂವಿಧಾನದಿಂದ ಶುರು ಮಾಡಿದರೆ ನೀವು ಎದ್ದು ಹೋಗುತ್ತೀರಿ. ಭೀಮಾ ಹೊಳೆಯಿಂದ ಶುರು ಮಾಡಿದರೆ, ಇವನದು ಮತ್ತೆ ಹೊಳೆ ಬಂತು ಎಂದು ಆಕಳಿಸುತ್ತೀರಿ. ಕಾಸಿಂಸಾಬನಿಂದಲೇ ಶುರು ಮಾಡೋಣವೆಂದರೆ, ಬೆಳಿಗ್ಗೆ ಚಾವಡಿಯಲ್ಲಿ ಸಾಹೇಬರ ಮುಂದೆ ಒಂದು ಮಾತು ಹೇಳಿ ಬಂದವನು ಮಧ್ಯಾಹ್ನವಾದರೂ ಬೇವಿನ ಗಿಡದ ಬುಡ ಬಿಟ್ಟು ಎದ್ದಿಲ್ಲ.

ಆ ಒಂದು ಮಾತಿನಿಂದ ಅವನ ಒಂಬತ್ತು ಎಕರೆ ಎರೆ ಹೊಲ ಕೈಬಿಟ್ಟು ಹೋಗುವ ಹಾಗಿದೆ. ಹೋಗಬಾರದೆಂದೇ ನಾನು ಬರೆಯಲು ಕೂತದ್ದು. ಇದನ್ನೆಲ್ಲ ಮೊದಲೇ ಹೇಳಿದರೆ ಕುತೂಹಲ ಉಳಿಯುವುದಿಲ್ಲವೆಂದು ಬಲ್ಲವರು ಅನ್ನುತ್ತಾರೆ. ಕುತೂಹಲ ಹಾಳಾಗಿ ಹೋಗಲಿ. ನನಗೆ ಸಿಟ್ಟು ಬಂದಿದೆ.

೨ (ಮೊದಲ ಕರಡು, ಹರಿದದ್ದು)

"೧೯೫೬ರ ನವೆಂಬರ್ ಒಂದು! ಹರಿದು ಹಂಚಿಹೋಗಿದ್ದ ಕನ್ನಡದ ಮಕ್ಕಳೆಲ್ಲ ಒಂದೇ ಅಂಗಳದಲ್ಲಿ ಕೂಡಿದ ಆ ಸುದಿನ, ವಿಜಾಪುರ ಜಿಲ್ಲೆಯ ಇಂಡಿ ತಾಲೂಕಿನ ಒಂದು ಹಳ್ಳಿಯಲ್ಲಿ..."

(ಸುಳ್ಳೇನಲ್ಲ. ಅಗರಖೇಡದಿಂದ ಮೇಲಕ್ಕೆ ಹೊಳೆದಂಡೆಗಿರುವ ಈ ಊರಲ್ಲಿ ಆ ದಿನ ಪೇಢೆ ಹಂಚಿದರು. ಚಾವಡಿಗೆ ಮಾವಿನ ತೋರಣ ಕಟ್ಟಿದವನು ಕಾಸಿಂಸಾಬನೇ. ನಾನು ಇಷ್ಟು ಓದಿ ಹೇಳಿದಾಗ ಬೇವಿನ ಗಿಡದ ಕೆಳಗಿನಿಂದ ಅವನ ದನಿ ಬಂತು.)

"ತೋರಣ ಕಟ್ಟಿದ್ದ ಖರೇ ಐತ್ರಿ. ಅದನ್ನ ಬರದು ನಗಿಗೇಡು ಮಾಡಬ್ಯಾಡ್ರಿ. ಕನ್ನಡ ಬೇಕಂದಿದ್ನಿ, ಈಗೂ ಬೇಕಂತೇನಿ. ಹೊಲ ಬ್ಯಾಡಂತ ಯಾವಾಗ ಅಂದಿದ್ನಿ?"

ಕರಡು ಹರಿದೆ.

೩

ಹಾಗಾದರೆ ಬಿತ್ತನೆಯಿಂದ.

ವಾಡೇದ ಧಣಿ ಸಿದ್ದರಾಯಗೌಡರ ಹೊಲಗಳು ಹೊಳೆಯ ಎರಡೂ ದಂಡೆಗಿದ್ದವು. ಈಚೆ ದಂಡೆಯ ಒಂಬತ್ತು ಎಕರೆಯನ್ನು ಅಪ್ಪನ ಕಾಲದಿಂದಲೂ ಪಾಲಿಗೆ ಮಾಡುತ್ತಿದ್ದವರು ಕಾಸಿಂಸಾಬನ ಮನೆಯವರು. ಆಚೆ ದಂಡೆಯ ಎಂಟು ಎಕರೆಯನ್ನು ಮಾಡುತ್ತಿದ್ದವನು ನಬಿಲಾಲ. ಕಾಸಿಂಸಾಬನ ಹೆಂಡತಿ ರೋಷನಬಿಯ ಅಣ್ಣ. ಇಬ್ಬರಿಗೂ ಒಬ್ಬನೇ ಧಣಿ, ಒಂದೇ ಎರೆ ಮಣ್ಣು, ಒಂದೇ ಹೊಳೆಯ ಗಾಳಿ. ಇಬ್ಬರ ಕೊಟ್ಟಿಗೆಯಲ್ಲೂ ಒಂದೊಂದೇ ಜೋಡಿ ಎತ್ತು. ಒಂದು ಜೋಡಿಯಿಂದ ಹದ ಹಿಡಿಯುವುದಾಗದು. ಆದ್ದರಿಂದ ಮುಯ್ಯಿ: ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು.

ಮುಯ್ಯಿಗೆ ಅದರದೇ ಒಂದು ಮರ್ಯಾದೆ ಇದೆ. ಬಂದವನ ಕೈಗೆ ಕೂರಿಗೆ ಕೊಡಬೇಕು. ಹೊಲದವನು ಹಿಂದಿನಿಂದ ಕುಂಟೆ ಹೊಡೆದು ಸಾಲು ಮುಚ್ಚಬೇಕು. ಪೈರು ಎದ್ದು ನಿಂತಾಗ ದಾರಿಯಲ್ಲಿ ಹೋಗುವವರು "ಯಾರ ಬಿತ್ತಿಗಿಪಾ ಇದು, ಗೆರಿ ಕೊರದಂಗ ಐತಿ" ಎಂದು ಕೇಳಿದರೆ ಕೂರಿಗೆ ಹಿಡಿದವನ ಹೆಸರು ಹೇಳಬೇಕು. "ನಂದ ಬಿತ್ತಿಗಿ" ಎಂದವನ ಹೊಲಕ್ಕೆ ಮರುವರ್ಷ ಯಾರೂ ಮುಯ್ಯಿಗೆ ಬರುವುದಿಲ್ಲ.

ಆ ವರ್ಷದ ಹಿಂಗಾರಿಗೆ ನಬಿಲಾಲ ನೀರು ಇಳಿದ ಕಡೆ ಎತ್ತು ಹಾಯಿಸಿಕೊಂಡು ಬಂದ. ಎರಡು ದಿನ ಕೂರಿಗೆ ಹಿಡಿದು ಬಿಳಿಜೋಳ ಬಿತ್ತಿದ. ಕಾಸಿಂಸಾಬ ಕುಂಟೆ ಹೊಡೆದ. ಆಗ ಎರಡೂ ದಂಡೆ ಮುಂಬಯಿ ರಾಜ್ಯ. ಪೈರು ಗೇಣುದ್ದ ಎದ್ದಿತ್ತು, ನವೆಂಬರ್ ಒಂದು ಬಂತು. ಆಚೆ ಮುಂಬಯಿ, ಈಚೆ ಮೈಸೂರು. ಬಿತ್ತುವಾಗ ಒಂದಿದ್ದ ರಾಜ್ಯ ಕೊಯ್ಯುವಾಗ ಎರಡಾಗಿತ್ತು.

೪ (ಓದುಗರು ಬೇಕಾದರೆ ಹಾರಿಸಬಹುದು. ಕಾಸಿಂಸಾಬನಿಗೆ ಹಾರಿಸುವ ಅನುಕೂಲ ಇರಲಿಲ್ಲ.)

ಈ ಭಾಗವನ್ನು ನಾನು ನಾಲ್ಕು ಸಲ ಬರೆದೆ. ನಾಲ್ಕೂ ಸಲ ಪೌರನೀತಿಯ ಪಾಠವಾಯಿತು. ಕೊನೆಗೆ ಊರ ಸಾಲಿ ಮಾಸ್ತರ ಕಾಳಪ್ಪನಿಗೇ ಒಪ್ಪಿಸಿದೆ. ಹೋದ ಮಾರ್ಚಿನಲ್ಲಿ ಅವನು ಕಾಸಿಂಸಾಬನ ಅಡುಗೆಮನೆಯ ಹೊಸ್ತಿಲಿಗೆ ಕೂತು ಹೇಳಿದ್ದು ಹೀಗೆ:

"ನೋಡ ಕಾಸಿಂಸಾಬ, ದಿಲ್ಲಿಯಾಗ ಒಂದ ಸರಕಾರ. ದಂಡು, ರೈಲು, ಟಪಾಲು ಅವರ ಕೈಯಾಗ. ರಾಜ್ಯಕ್ಕ ಒಂದೊಂದ ಸರಕಾರ. ಪೊಲೀಸು, ದವಾಖಾನಿ, ಹೊಲದ ಕಾಯದಾ ಇವರ ಕೈಯಾಗ. ಎಲ್ಲಾ ರಾಜ್ಯಪಾಲರ ಹೆಸರಲೇ ನಡೀತೈತಿ, ಖರೇ ನಡಸವರು ಮಂತ್ರಿಗಳು. ಆ ಮಂತ್ರಿಗಳು ಎಮ್ಮೆಲ್ಲೆಗಳಿಗೆ ಜವಾಬು ಕೊಡಬೇಕು."

"ಎಮ್ಮೆಲ್ಲೆಗಳು ಯಾರಿಗಿ ಜವಾಬು ಕೊಡಬೇಕ್ರಿ ಮಾಸ್ತರ?" ರೊಟ್ಟಿ ಬಡಿಯುತ್ತಿದ್ದ ರೋಷನಬಿ ಕೇಳಿದಳು.

"ಓಟು ಹಾಕಿದ ನಮಗ, ನಿಮಗ."

"ಹಂಗಾರ ಕರೀರಿ. ರೊಟ್ಟಿ ಬಿಸಿ ಅದಾವ. ಕುಂತು ಜವಾಬು ಕೊಡ್ಲಿ."

ಮಾಸ್ತರ ನಕ್ಕ. ಕಾಸಿಂಸಾಬ ನಗಲಿಲ್ಲ. ಮಾಸ್ತರ ಹೇಳಿದ್ದನ್ನು ಅವನು ಒಳಗೊಳಗೇ ಹೊಂದಿಸುತ್ತಿದ್ದ. ಜಿಲ್ಲೆ ಬೇರೆಯಾಗುವ ಮೊದಲೇ ಮುಂಬಯಿಯ ವಿಧಾನಸಭೆ ಕುಳ ಕಾಯಿದೆಗೆ, ಎಂದರೆ ಗೇಣಿದಾರರ ಕಾಯಿದೆಗೆ, ತಿದ್ದುಪಡಿ ಮಾಡಿತ್ತು: ೧೯೫೭ರ ಏಪ್ರಿಲ್ ಒಂದಕ್ಕೆ ಉಳುವವನೇ ಹೊಲದ ಒಡೆಯ, ಧಣಿಗೆ ಬೆಲೆ ಕಂತಿನಲ್ಲಿ. ಜಿಲ್ಲೆ ಮೈಸೂರಿಗೆ ಬಂದಾಗ ಆ ಕಾಯಿದೆಯೂ ನಮ್ಮ ಬೆನ್ನಿಗೇ ಬಂದಿತ್ತು. ಹೊಸ ಸರ್ಕಾರ ಬದಲಿಸುವ ತನಕ ಹಳೆಯದೇ ನಡೆಯಬೇಕು ಎಂಬುದು ನೇಮ. ಹೊಸ ಸರ್ಕಾರ ಬದಲಿಸಿತು. ಏಪ್ರಿಲ್ ಒಂದು ಬರುವ ಮೊದಲೇ ಬೆಂಗಳೂರಿನಿಂದ ಆಜ್ಞೆ ಹೊರಟಿತು: ಆ ಕಲಮುಗಳನ್ನು ಸದ್ಯಕ್ಕೆ ತಡೆಹಿಡಿಯಲಾಗಿದೆ.

ಸದ್ಯಕ್ಕೆ! ಐದು ಕಡೆಯಿಂದ ಕೂಡಿದ ರಾಜ್ಯ, ಐದು ಬಗೆಯ ಹೊಲದ ಕಾಯಿದೆ, ಎಲ್ಲರಿಗೂ ಕೂಡಿ ಒಂದು ಹೊಸದು ಮಾಡೋಣ ಎಂಬುದು ಕಾರಣ. ಮಾಡಿ, ಯಾರು ಬೇಡವೆಂದರು? ಪಂಕ್ತಿಗೆಲ್ಲ ಒಟ್ಟಿಗೇ ಬಡಿಸುವುದು ನ್ಯಾಯವೇ. ಆದರೆ ಈಗಾಗಲೇ ತುತ್ತು ಎತ್ತಿದವನ ಮುಂದಿನ ತಾಟು ಎಳೆದುಕೊಂಡು "ತಡಿ, ಇನ್ನೂ ನಾಲ್ಕು ಪಂಕ್ತಿ ಕೂತಿಲ್ಲ" ಅನ್ನುವುದು ಯಾವ ಊರ ಊಟ? ತಡೆದಷ್ಟು ದಿನ ಹೊಲ ಯಾರ ಹೆಸರಲ್ಲಿರುತ್ತದೆ? ಧಣಿಯ ಹೆಸರಲ್ಲಿ. ತಡೆದಷ್ಟು ದಿನ ಧಣಿ ಸುಮ್ಮನೆ ಕೂರುತ್ತಾನೆಯೇ?

(ಇಲ್ಲಿ ಪೆನ್ನಿನ ಮೊನೆಗೆ ಕಾಗದ ಹರಿಯಿತು. ಓದುಗರು ಕ್ಷಮಿಸಬೇಕು.)

೫

ಆಚೆ ಮುಂಬಯಿಯಲ್ಲಿ ಕಾಯಿದೆಗೆ ತಡೆ ಇರಲಿಲ್ಲ. ಏಪ್ರಿಲ್ ಒಂದರ ಮುಂಜಾನೆ ನಬಿಲಾಲ ಸಕ್ಕರೆ ಪೊಟ್ಟಣ ಹಿಡಿದು ಹೊಳೆ ದಾಟಿ ಬಂದ. ಬಂದವನು ಅಂಗಳದಲ್ಲೇ ನಿಂತ.

"ಯಾಕ ಭಾವ, ಒಳಗ ಬರಾಕ ಪಾಸ್‌ಪೋರ್ಟ ಬೇಕೇನು?" ಎಂದ ಕಾಸಿಂಸಾಬ.

"ಹೊಲ ನನ್ನ ಹೆಸರಿಗಿ ಆಗತೈತಂತ, ಭಾವ." ನಬಿಲಾಲ ತಲೆ ತಗ್ಗಿಸಿಕೊಂಡೇ ಹೇಳಿದ, ಕದ್ದವನ ಹಾಗೆ.

"ಚಲೋ ಆತು. ಬಾಯಿ ಸೀ ಮಾಡು."

ಸಕ್ಕರೆ ತಿಂದರು. ಇಬ್ಬರೂ ಹೊಳೆಯ ಕಡೆ ನೋಡಲಿಲ್ಲ. (ಇದಕ್ಕಿಂತ ಹೆಚ್ಚು ಇಲ್ಲಿ ಬರೆಯಲು ಕಾಸಿಂಸಾಬ ಬಿಡಲಿಲ್ಲ. "ಭಾವಗ ಸಿಕ್ಕದ್ದಕ್ಕ ನನಗ ಹೊಟ್ಟಿಕಿಚ್ಚು ಅಂತ ಮಂದಿ ತಿಳೀತಾರ್ರಿ. ಬಿಡ್ರಿ.")

೬

ಎಂಟು ಎಕರೆ ಕೈಬಿಟ್ಟು ಹೋದ ಮೇಲೆ ಗೌಡರು ಎಚ್ಚತ್ತರು. ಇಂದಲ್ಲ ನಾಳೆ ಬೆಂಗಳೂರೂ ಇಂಥ ಕಾಯಿದೆ ತಂದೀತು. ಅಷ್ಟರಲ್ಲಿ ಈಚೆ ದಂಡೆಯಲ್ಲಿ ಕುಳ ಎಂಬುವವನೇ ಇರಬಾರದು. ಕಾಸಿಂಸಾಬ ತಮ್ಮ ಕುಳನಲ್ಲ, ಹೊಲ ತಮ್ಮ ಸ್ವಂತ ಸಾಗುವಳಿ ಎಂದು ಅರ್ಜಿ ಕೊಟ್ಟರು. ವಿಚಾರಣೆಗೆ ತಾಲೂಕು ಕಚೇರಿಯ ಸಾಹೇಬರು ಜೀಪಿನಲ್ಲಿ ಬಂದರು. ತೆಂಕಣ ಸೀಮೆಯವರು, ಹೊಸಬರು, ಬಿಸಿಲಿಗೆ ಬೆಂದು ಹೋಗಿದ್ದರು. ಅದು ಈ ಹೊತ್ತು ಬೆಳಿಗ್ಗೆ. ಸಾಕ್ಷಿ ಹೇಳಲೆಂದು ನಬಿಲಾಲನೂ ಬಂದು ಭಾವನ ಪಕ್ಕದಲ್ಲಿ ನಿಂತಿದ್ದ.

ತಾನೇ ದುಡಿದವನಷ್ಟೇ ಕುಳ. ಸಾಹೇಬರು ಕೇಳಿದರು: "ಹೋದ ಹಿಂಗಾರಿನಲ್ಲಿ ಆ ಹೊಲ ಬಿತ್ತಿದ್ದು ಯಾರಯ್ಯ?"

"'ನಾನೇ' ಅನ್ನು ಕಾಸಿಂಸಾಬ, 'ನಾನೇ' ಅನ್ನು!" ನಾನು ಕಾಗದದ ಅಂಚಿನಿಂದ ಕೂಗಿದೆ. ಅವನು ಕೇಳಿಸಿಕೊಳ್ಳಲಿಲ್ಲ. ಮುಖ ಅರಳಿಸಿ ಪಕ್ಕದವನ ಕಡೆ ಕೈ ಮಾಡಿದ.

"ನಮ್ಮ ನಬಿಲಾಲ ಭಾವನ ಬಿತ್ತಿಗಿ ರೀ. ಗೆರಿ ಕೊರದಂಗ ಬಿತ್ತ್ಯಾನ್ರಿ."

ಗುಮಾಸ್ತ ಬರೆದುಕೊಂಡ: "ಸದರಿ ಜಮೀನನ್ನು ಪರರಾಜ್ಯದ ನಬಿಲಾಲ ಎಂಬವನು ಬಿತ್ತಿರುವುದಾಗಿ ಕಾಸಿಂಸಾಬನೇ ಒಪ್ಪಿರುತ್ತಾನೆ."

"ಸಾಹೇಬ್ರ, ಅದು ಮುಯ್ಯಿ ರೀ!" ನಬಿಲಾಲ ಗಾಬರಿಯಾದ.

"ಹಾಗಂದರೆ? ಕೂಲಿಯಾ?"

"ಕೂಲಿ ಅಲ್ರಿ."

"ಪಾಲಾ?"

"ಪಾಲೂ ಅಲ್ರಿ."

"ಕೂಲಿಯೂ ಅಲ್ಲ, ಪಾಲೂ ಅಲ್ಲ ಅಂದರೆ ಈ ಫಾರಮ್ಮಿನಲ್ಲಿ ಜಾಗ ಇಲ್ಲವಲ್ಲಪ್ಪ" ಎಂದು ಸಾಹೇಬರು ಎದ್ದು ಗೌಡರ ವಾಡೆಗೆ ಊಟಕ್ಕೆ ಹೋದರು. ಕೆಟ್ಟವರಲ್ಲ. ನಿಜವಾಗಿಯೂ ಜಾಗ ಹುಡುಕಿದರು. ನನಗೆ ಅದೇ ಹೆಚ್ಚು ಉರಿಯಿತು.

೭ (ಎರಡನೆಯ ಕರಡು)

ನಾನು ಲೇಖಕ. ಒಂದು ಶಬ್ದ ತಿದ್ದಿದರೆ ಒಂಬತ್ತು ಎಕರೆ ಉಳಿಯುತ್ತದೆ. ತಿದ್ದಿದೆ: "ನಾನೇ ಬಿತ್ತಿದ್ನಿರಿ, ಎಂದ ಕಾಸಿಂಸಾಬ."

"ನಾ ಹಂಗ ಅಂದಿಲ್ರಿ" ಎಂದ ಕಾಸಿಂಸಾಬ.

"ಅನ್ನಬೇಕಿತ್ತು ಮಾರಾಯ."

"ಭಾವ ಮಗ್ಗಲಕ ನಿಂತಿದ್ದ. ಎರಡ ದಿನ ಅವನ ಎತ್ತು ದುಡದಾವ. ಅವನ ಮಾರಿ ಮುಂದ ನಂದ ಬಿತ್ತಿಗಿ ಅಂತ ಹೆಂಗ ಅನ್ಲಿ?"

"ಹೊಲ ಹೋಗುತ್ತದೆ."

"ಹೊಲ ಹೋದ್ರ ಹೊಲ ಹೋಗತೈತಿ. ಇದು ಹೋದ್ರ ಊರಾಗ ಇರೂದು ಹೆಂಗ್ರಿ?" ಹೇಳುತ್ತ ಹೇಳುತ್ತ ತಾನೇ ಕೆರಳಿದ. "ಮುಂಬಯಿಯವರಿಗಿ ಗೊತ್ತಿತ್ತು ಮುಯ್ಯಿ ಅಂದ್ರ ಏನಂತ. ಕನ್ನಡದವರಿಗೇ ತಿಳೀವಲ್ದಲ್ರಿ!"

(ಮುಂಬಯಿಯವರಿಗೂ ಗೊತ್ತಿರಲಿಕ್ಕಿಲ್ಲ. ನಾನು ಹೇಳಲಿಲ್ಲ.)

೮ (ಕೆಲವು ಮುಕ್ತಾಯಗಳು, ಬೇಕಾದ್ದನ್ನು ಆರಿಸಿಕೊಳ್ಳಿ)

ಅ. ಕಾಸಿಂಸಾಬ ಹೊಲ ಬಿಟ್ಟು ಹೊಳೆ ದಾಟಿ ಭಾವನ ಹೊಲದಲ್ಲಿ ಆಳಾಗುತ್ತಾನೆ. ವಿಮರ್ಶಕರಿಗೆ ಹಿಡಿಸುತ್ತದೆ.

ಆ. ಹೊಸ ಕಾಯಿದೆ ಬಂದು ಎಲ್ಲ ಸರಿಹೋಗುತ್ತದೆ. ಇದಕ್ಕೆ ಬಹಳ ವರ್ಷ ಕಾಯಬೇಕು. ಕಥೆಯನ್ನು ಅಷ್ಟು ಉದ್ದ ಎಳೆಯುವ ಶಕ್ತಿ ನನಗಿಲ್ಲ, ಕಾಯುವ ಶಕ್ತಿ ಅವನಿಗಿಲ್ಲ.

ಇ. ಗೌಡರ ಮನಸ್ಸು ಕರಗುತ್ತದೆ. (ಇದನ್ನು ಓದಿದಾಗ ಕಾಸಿಂಸಾಬ ಇವತ್ತು ಮೊದಲ ಸಲ ನಕ್ಕ.)

ಈ. ರೋಷನಬಿ

೯

"ನನ್ನ ಹೆಸರ ಬರದು ಯಾಕ ನಿಂತ್ರಿ?"

ಅವಳು ಯಾವಾಗ ಬಂದು ನಿಂತಳೋ ಗೊತ್ತಾಗಲಿಲ್ಲ. ಸೆರಗಿನ ತುದಿಗೆ ಹಿಟ್ಟು ಹತ್ತಿತ್ತು. ಬೆಳಗಿನ ಸಂಗತಿಯನ್ನು ಅಣ್ಣನಿಂದ ಕೇಳಿ ಬಂದಿದ್ದಳು. ಗಂಡನನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು.

"ಬಿತ್ತಿದ್ದ ಬರದೀರಿ. ಕೂರಿಗಿ ಹಿಡದಾವ ನಮ್ಮಣ್ಣ. ಕುಂಟಿ ಹೊಡದಾವರು ಇವರು. ಕೂರಿಗಿ ಬಟ್ಟಲ ತನ್ನಷ್ಟಕ್ಕ ತಾನ ಬೀಜ ತುಂಬಕೋತೈತೇನು?"

ನಾನು ಹಿಂದಿನ ಹಾಳೆ ತೆಗೆದು ನೋಡಿದೆ. ಮೂರನೆಯ ಭಾಗದಲ್ಲಿ ಎತ್ತು ಇವೆ, ಮಣ್ಣು ಇದೆ, ಗಾಳಿ ಕೂಡ ಇದೆ. ರೋಷನಬಿ ಅಣ್ಣನ ಗುರುತಿಗಷ್ಟೇ ಇದ್ದಾಳೆ, ಬಿತ್ತನೆಯಲ್ಲಿ ಇಲ್ಲ.

"ಎರಡ ದಿನ ಉಡಿತುಂಬ ಜ್ವಾಳ ಕಟಗೊಂಡು, ಕೂರಿಗಿ ಬೆನ್ನಿಗೇ ನಡಕೋತ ಮುಷ್ಟಿ ಮುಷ್ಟಿ ಬೀಜ ಬಿಟ್ಟಾಕಿ ನಾನು. ಸಾಹೇಬ ಕೇಳಲಿಲ್ಲ. ಇವರು ಹೇಳಲಿಲ್ಲ. ನೀವು ಬರೀಲಿಲ್ಲ. ಸಾಹೇಬನ ಮ್ಯಾಲ ಸಿಟ್ಟ ಮಾಡತೀರಲ್ಲ, ನಿಮ್ಮ ಫಾರಮ್ಮಿನ್ಯಾಗರೆ ಎಲ್ಲಿತ್ತ ಜಾಗ?"

ಬೆಳಗಿನಿಂದ ನಾನು ಎಲ್ಲರ ಮೇಲೂ ಎಗರಾಡಿದ್ದೆ. ಈಗ ಆ ಹಾಳೆಯ ಅಂಚಿನಲ್ಲಿ ಅವಳ ಹೆಸರು ಬರೆದೆ. ಅಲ್ಲೇ ಗಿಡದ ಕೆಳಗೆ ಕೂತಿದ್ದ ಕಾಳಪ್ಪ ಮಾಸ್ತರನೇ ಮೊದಲು ಎಚ್ಚತ್ತವನು. ಮುಂಡಾಸು ಕೈಗೆ ತೆಗೆದುಕೊಂಡು ಎದ್ದೇ ನಿಂತ.

"ತಡೀರಿ, ತಡೀರಿ! ಕಾಯದಾದಾಗ ಐತಿ. ಕುಳನ ಮನಿ ಮಂದಿ ಯಾರ ದುಡದ್ರೂ ಅದು ಕುಳನ ದುಡಿಮಿನ. ತಡದ ಕಲಮು ಬ್ಯಾರೆ, ಇದು ಬ್ಯಾರೆ. ಇದನ್ನ ತಡದಿಲ್ಲ! ಈಕಿ ಹೇಳಿದ್ದ ಒಂದ ಕಾಗದಕ ಬಿದ್ರ ಗೌಡರ ಅರ್ಜಿ ನಿಲ್ಲೂದಿಲ್ಲ!"

ಮಾಸ್ತರನ ಮಾತು ಮುಗಿಯುವ ಮೊದಲೇ ಅವಳು ಚಾವಡಿಯ ಹಾದಿ ಹಿಡಿದಿದ್ದಳು.

೧೦

ಚಾವಡಿಯ ಮುಂದೆ ಜೀಪಿನ ಎಂಜಿನ್ ಶುರುವಾಗಿತ್ತು. ಊಟ ಮುಗಿಸಿದ ಸಾಹೇಬರು ಮುಂದಿನ ಸೀಟಿನಲ್ಲಿ, ದಫ್ತರ ತೊಡೆಯ ಮೇಲಿಟ್ಟುಕೊಂಡ ಗುಮಾಸ್ತ ಹಿಂದೆ. ಗೌಡರು ಕೈ ಮುಗಿದು ನಿಂತಿದ್ದರು. ರೋಷನಬಿ ನೇರ ಹೋಗಿ ಜೀಪಿನ ಮೂತಿಗೆ ಎದುರಾಗಿ ನಿಂತಳು.

"ಬೀಜ ಬಿತ್ತಿದಾಕಿ ನಾನ್ರಿ. ಬರ್ಕೊಳ್ರಿ."

"ಹೇಳಿಕೆ ಮುಗಿದಿದೆಯಮ್ಮ. ದಾರಿ ಬಿಡು."

"ನಿಮ್ಮದ ಮುಗದೈತಿ. ನಂದ ಶುರುನ ಆಗಿಲ್ಲ."

"ಕಾಸಿಂಸಾಬ!" ಗೌಡರ ದನಿ ಏರಿತು. "ಮನಿ ಹೆಣಮಗಳನ್ನ ಒಳಗ ಕರಕೋ. ಏನ ರೂಢಿ ಇದು?"

ಕಾಸಿಂಸಾಬ ಬಂದ. ಅವಳ ತೋಳು ಹಿಡಿಯುತ್ತಾನೆಂದು ಎಲ್ಲರೂ ಕಾದರು; ನಾನೂ ಕಾದೆ. ಅವನು ಅವಳ ಮಗ್ಗುಲಿಗೆ ನಿಂತು ಟೊಪ್ಪಿಗೆ ಸರಿಮಾಡಿಕೊಂಡ.

"ಆಕಿ ಹೇಳೂದ ಖರೇ ಐತ್ರಿ ಗೌಡ್ರ. ನಾ ಮರತಿದ್ನಿ."

ಇಲ್ಲಿ ಮುಗಿಸಿಬಿಡಬೇಕು. ಇದಕ್ಕಿಂತ ಒಳ್ಳೆಯ ಜಾಗ ಸಿಕ್ಕುವುದಿಲ್ಲ. ನಾನು ಬರೆದೆ: "ಸಾಹೇಬರು ನಿಧಾನವಾಗಿ ಜೀಪಿನಿಂದ ಇಳಿದರು."

"ಅವರೆಲ್ಲಿ ಇಳದಾರ?" ರೋಷನಬಿ ಹಿಂದಿರುಗಿ ನೋಡದೆ ಹೇಳಿದಳು. "ಸುಳ್ಳ ಬರೀಬ್ಯಾಡ್ರಿ."

"ಹಾಗಾದರೆ ಹೇಗೆ ಮುಗಿಸಲವ್ವ?"

"ಮುಗಸಬ್ಯಾಡ್ರಿ. ನೀವು ಮುಗಿಸಿ ಎದ್ರ ಇವರೂ ಗಾಡಿ ಬಿಟಗೊಂಡು ಹೋಗತಾರ. ಬರ್ಕೊಳ್ಳೋಮಟ ಅಲ್ಲೇ ಕುಂದರ್ರಿ. ಓದವರಿಗೂ ಹೇಳ್ರಿ, ಕುಂದರ್ರಿ ಅಂತ."

ಹೇಳಿದ್ದೇನೆ. ಕೂತಿದ್ದೇನೆ. ಎಂಜಿನ್ ಇನ್ನೂ ಗುರುಗುಡುತ್ತಿದೆ. ಗುಮಾಸ್ತ ದಫ್ತರದ ದಾರ ಬಿಚ್ಚುತ್ತಿದ್ದಾನೋ ಬಿಗಿಯುತ್ತಿದ್ದಾನೋ ನನಗೆ ಇಲ್ಲಿಂದ ಕಾಣುತ್ತಿಲ್ಲ. ಅವಳು ಅವನ ಕೈ ನೋಡುತ್ತಿಲ್ಲ, ಹೇಳುತ್ತಲೇ ಇದ್ದಾಳೆ.

"ಹೆಸರು ರೋಷನಬಿ. ಗಂಡ ಕಾಸಿಂಸಾಬ. ಒಂಬತ್ತ ಎಕರೆ, ಎರಡ ದಿನ. ಮೊದಲನೇ ದಿನ ಮುಂಜಾನೆ ಬಡಗಣ ಬದುವಿನಿಂದ ಹಿಡದು,