ಅಮ್ಮನಿಗೆ ಬಾರದ ಕನ್ನಡ

ಸರದ ಕೊಂಡಿ ಕುತ್ತಿಗೆ ತರಚುತ್ತಿದೆ, ಬಿಚ್ಚಿ ಕೈಯಲ್ಲಿ ಹಿಡಿಯೋಣವೆಂದರೆ ಬೀಳಿಸ್ತೀಯ ಮಗಾ, ಖತೀಜಮ್ಮನ ಮನೆ ಮುಟ್ಟುವವರೆಗೆ ಕೊರಳಲ್ಲೇ ಇರಲಿ ಎನ್ನುತ್ತ ಅಮ್ಮ ಮುಂದೆ ಹೋಗುತ್ತಿದ್ದಾಳೆ, ತಲೆಯ ಮೇಲೆ ಖತೀಜಮ್ಮನದೇ ಕುರ್ಚಿ, ನಾಲ್ಕು ಕಾಲೂ ಆಕಾಶಕ್ಕೆ — ಹೊಳೆಬದಿಯ ಈ ದಾರಿಯಲ್ಲಿ ದೇವರೇ ಯಾರೂ ಎದುರಾಗದಿರಲಿ, ಎದುರಾದರೆ ಅಮ್ಮ ನಿಂತು ಹೇಳಿಯೇ ಹೇಳುತ್ತಾಳೆ, ನಮ್ಮ ವಾರಿಜೆಗೆ ಕಾಲೇಜಿನ ಸ್ಕಾಲರ್‌ಶಿಪ್ಪು ಆಯ್ತು ಮಾರಾಯ್ರೆ, ಒಂಬತ್ತನೇ ಕ್ಲಾಸಲ್ಲೇ ಆಯ್ತು, ದೊಡ್ಡವರ ಎದುರು ಎಂಥ ಕನ್ನಡ ಮಾತಾಡಿದಳು ಗೊತ್ತುಂಟಾ! ನನಗೆ ತಲೆ ಎತ್ತಲು ನಾಚಿಕೆ. ನಮ್ಮೂರು ನರಿಕೊಂಬಿನ ನೆಲ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡುತ್ತೇನೆ.

ಕುಶಾಲಪ್ಪ ಮಾಸ್ಟ್ರು ಶಾಲೆಯಲ್ಲಿ ಸರಿಯಾಗಿಯೇ ಹೇಳಿದ್ದರು, ಎಸ್ಸೆಸ್ಸೆಲ್ಸಿ ಮುಗಿಸಿ ಹುಡುಕಿದರೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ, ಈಗಲೇ ಹೆಸರು ಕೊಡುವ, ಮೂಡಬಿದ್ರೆಯ ಸಾಹುಕಾರರೊಬ್ಬರು ಬಡಮಕ್ಕಳನ್ನು ಮೊದಲೇ ಆರಿಸಿ ಕಾಲೇಜು ಓದಿಸ್ತಾರೆ, ಆದರೆ ಮನೆ ನೋಡದೆ ಕೊಡುವುದಿಲ್ಲ — ಎಲ್ಲವನ್ನೂ ಅಮ್ಮನಿಗೆ ಹೇಳಿದೆ, ಬಡ ಎಂಬ ಮಾತೊಂದನ್ನು ಬಿಟ್ಟು, ಬೆನ್ನು ಬಗ್ಗಿಸಿ ಬೀಡಿ ಕಟ್ಟಿ ಓದಿಸುವವಳಿಗೆ ನಾವು ಬಡವರು, ಅದನ್ನೇ ನೋಡಲು ಬರ್ತಾರೆ ಎಂದು ಯಾವ ಬಾಯಲ್ಲಿ ಹೇಳಲಿ, ಅವಳೋ, ದೊಡ್ಡವರು ಮನೆಗೆ ಬರುವಾಗ ಹುಡುಗಿ ಬರಿಗೊರಳಲ್ಲಿ ನಿಲ್ಲುವುದಾ ಎಂದಳು, ಖತೀಜಮ್ಮನ ಮನೆಯಿಂದ ಕುರ್ಚಿ ಬಂತು, ಹಿತ್ತಾಳೆ ಚೆಂಬು ಬಂತು, ಚಿನ್ನದ ಸರ ಬಂತು, ಬೀಡಿಯ ಮೊರ ಚಾಪೆಯಡಿಗೆ ಹೋಯಿತು, ನಾನು ಕೊರಳೊಡ್ಡಿದೆ, ಸರ ನನಗೂ ಚೆಂದ ಕಂಡಿತ್ತು, ಸುಳ್ಳೇಕೆ.

ಸಾಹುಕಾರರು ಬೆಲ್ಲ ಕಚ್ಚಿ ನೀರು ಕುಡಿದು ತುಳುವಿನಲ್ಲಿ ಕೇಳಿದರು, ಸರ ಯಾರದ್ದು ಅಕ್ಕ, ಅಮ್ಮ ಸೆರಗು ಸರಿಮಾಡಿಕೊಂಡು, ನಮ್ಮದೇ ಧನಿಗಳೇ, ಮಗಳಿಗೇ ಮಾಡಿಸಿದ್ದು. ಮಾಸ್ಟ್ರ ಮುಖ ಬಾಡಿತು, ಸಾಹುಕಾರರು ಕೊಡೆ ಎತ್ತಿಕೊಂಡರು, ಕಾಲೇಜು ಕೊಡೆಯ ಜೊತೆಗೇ ಎದ್ದು ಹೊರಟಿತು, ಆಗ ನನ್ನ ಬಾಯಿಂದ ಶಾಲೆಯ ಕನ್ನಡ, ಸ್ವಾಮಿ, ಈ ಸರ ನಮ್ಮದಲ್ಲ, ಕುರ್ಚಿಯೂ ನಮ್ಮದಲ್ಲ, ನನ್ನ ತಾಯಿ ಸುಳ್ಳು ಹೇಳುತ್ತಿದ್ದಾರೆ — ಅಮ್ಮ ಬಾಗಿಲ ಬಳಿ ನಿಂತು ತಲೆಯಾಡಿಸುತ್ತಾಳೆ, ಹೌದು ಹೌದು, ಅವಳಿಗೆ ಬರುವ ಕನ್ನಡ ಅದೊಂದೇ — ಬೀಡಿಯ ಮೊರ ಅಡಗಿಸಿಟ್ಟಿದ್ದಾರೆ, ಅವರಿಗೆ ಓದು ಬರಹ ಇಲ್ಲ, ತಿಳಿವಳಿಕೆ ಸಾಲದು — ಹೌದು ಹೌದು, ಮುಖವಿಡೀ ನಗು, ಮಗಳು ಎಷ್ಟು ಸರಾಗ ಮಾತಾಡ್ತಾಳೆ ನೋಡಿ ಎಂಬ ನಗು. ಸರ ನಮ್ಮದಲ್ಲ ಎಂದರೆ ಸಾಕಿತ್ತು, ತಿಳಿವಳಿಕೆ ಸಾಲದು ಎಂದು ಯಾಕೆ ಸೇರಿಸಿದೆ, ಅವರು ಮೆಚ್ಚಲೆಂದೇ ಅಲ್ಲವಾ, ಮೆಚ್ಚಿದರು, ಪ್ರಾಮಾಣಿಕ ಹುಡುಗಿ, ಇವಳ ಹೆಸರು ಇರಲಿ ಮಾಸ್ಟ್ರೇ ಅಂದರು. ಮಾಸ್ಟ್ರು ಮಾತ್ರ ನನ್ನ ಕಡೆ ನೋಡಲಿಲ್ಲ.

ಅಮ್ಮ ನಿಂತಳು. ಕುರ್ಚಿ ಹೊತ್ತ ತಲೆ ತಿರುಗಿಸಲಾಗದೆ ಇಡೀ ಮೈಯನ್ನೇ ತಿರುಗಿಸಿ, ಅವರು ಏಳುವಾಗ ಅದೇನೋ ಹೇಳಿದೆಯಲ್ಲ ಮಗಾ, ಅಲ್ಲೇ ಅವರ ಮನಸ್ಸು ಕರಗಿತು, ನಮ್ಮ ಭಾಷೆಯಲ್ಲಿ ಒಮ್ಮೆ ಹೇಳು, ಖತೀಜಮ್ಮನಿಗೆ ಹೇಳಬೇಕು — ನಿನ್ನ ವಿಷಯವೇ ಅಮ್ಮ, ನೀನು ನನಗಾಗಿ ಎಷ್ಟು ಕಷ್ಟಪಡ್ತಿ ಅಂತ ಹೇಳಿದೆ — ಅವಳ ಕಣ್ಣು ತುಂಬುತ್ತದೆ, ಒರೆಸಲು ಕೈ ಬಿಡುವಿಲ್ಲ, ಎರಡೂ ಕೈ ಕುರ್ಚಿಯಲ್ಲಿ, ಅವಳ ತಲೆಯೊಡನೆ ಕುರ್ಚಿಯ ಕಾಲುಗಳೂ ಮೇಲೆ ಕೆಳಗೆ, ಮೇಲೆ ಕೆಳಗೆ, ಹೌದು ಹೌದು —